"ಸಣ್ಣ ಹುಡುಗ್ರು, ಮರೀತಾವ ಬಿಡ್ರಿ" ಅಂತಾರಲ್ಲ, ಅದಕ್ಕ ನನ್ನ ಉತ್ತರ

ಹುಬ್ಬಳ್ಯಾಗ, ಮನ್ಯಾಗ ಹೊಡತ, ದೌರ್ಜನ್ಯ ಕಂಡ ಮಕ್ಕಳ ಜೋಡಿ ಕೆಲಸ ಮಾಡ್ತೀನಿ ಅಂತ ಗೊತ್ತಾದ್ರ ಸಾಕು, ಮದುವಿ ಮನ್ಯಾಗ, ಬಸ್ಸಿನ್ಯಾಗ, ಎಲ್ಲಾ ಕಡೆ ಇದ ಪ್ರಶ್ನೆ: "ಬೆಳದ ಮ್ಯಾಲೆ ಮರೀತಾವಲ್ರಿ, ಬಾಲಮಂದಿರ ಗೀಲಮಂದಿರ ಯಾಕ ಬೇಕು, ಮನಿಗೆ ಕಳಿಸಿದ್ರ ಆತಲ್ಲ?"

ಮರಿಯಂಗಿಲ್ರಿ. ಬಾಲಮಂದಿರದಾಗ, ಅಂದ್ರ ಇಂಥ ಮಕ್ಕಳು ಉಳಿಯೋ ಸರ್ಕಾರಿ ವಸತಿಯೊಳಗ, ಒಬ್ಬ ಹುಡುಗ ರಾತ್ರಿ ಚಪ್ಪಲಿ ಹಾಕ್ಕೊಂಡ ಮಲಗ್ತಿದ್ದ. ವಾರ್ಡನ್ ಬೈದ್ರ ಬಿಚ್ಚಿಡ್ತಿದ್ದ, ಅವರು ಆಕಡೆ ಹೋದ ಕೂಡ್ಲೆ ಮತ್ತ ಹಾಕ್ಕೋತಿದ್ದ. ಅಪ್ಪ ಕುಡದು ಬಂದ ಸಪ್ಪಳ ಕೇಳಿದ್ರ ಹಿತ್ತಲ ಬಾಗಲದಿಂದ ಓಡಬೇಕಿತ್ತಲ್ಲ, ಚಪ್ಪಲಿ ಹುಡುಕ್ಲಿಕ್ಕೆ ಟೈಮ್ ಎಲ್ಲಿ? ಸಾಲ್ಯಾಗ ಅವಂಗ ದಡ್ಡ ಅಂತ ಹೆಸರಿಟ್ಟಿದ್ರು. ಲಕ್ಷ್ಯ ಎಲ್ಲಾ ಬಾಗಲ ಕಡೆ ಇದ್ರ ಮಗ್ಗಿ ಎಲ್ಲಿಂದ ತಲಿಗೆ ಹತ್ತಬೇಕು.

ಅಮೆರಿಕದಾಗ ಫೆಲಿಟ್ಟಿ, ಅಂಡಾ ಅನ್ನೋ ಡಾಕ್ಟರು 1998ರಾಗ ಒಂದು ದೊಡ್ಡ ಸ್ಟಡಿ ಪ್ರಕಟ ಮಾಡಿದ್ರು. ಸಣ್ಣವರಿದ್ದಾಗ ಹೊಡತ, ಲೈಂಗಿಕ ದೌರ್ಜನ್ಯ, ಮನ್ಯಾಗ ಕುಡಿತ ಇಂಥವು ಹೆಚ್ಚೆಚ್ಚು ಕಂಡವರಿಗೆ ಮುಂದ ಡಿಪ್ರೆಶನ್, ಕುಡಿತ, ಆತ್ಮಹತ್ಯೆ ಯತ್ನ ಅಷ್ಟ ಅಲ್ಲ, ಹಾರ್ಟಿನ ಬ್ಯಾನಿನೂ ಹೆಚ್ಚು ಕಂಡಿತ್ತು. ಎಲ್ಲಾರಿಗೂ ಹಂಗಾಗ್ತದ ಅಂತಲ್ಲ, ನಂಬೋ ದೊಡ್ಡವರು ಒಬ್ಬರು ಸಿಕ್ರ ಮಕ್ಕಳು ಭಾಳ ಚೇತರಿಸ್ಕೋತಾವ.

ಇನ್ನ ಮನಿಗೆ ಕಳಸೋ ಮಾತು. ಮೈ ಮುಟ್ಟಿದಾಂವ ಅದ ಮನ್ಯಾಗ ಇದ್ರ, ಕಂಪ್ಲೇಂಟ್ ಕೊಟ್ಟ ರಾತ್ರಿ ಆ ಕೂಸು ಎಲ್ಲಿ ಮಲಗಬೇಕ್ರಿ? ಅಲ್ಲೇ ಬಿಟ್ರ ಅವ್ವ ಅಳ್ತಾಳ, ಅಜ್ಜಿ ಮನೆತನದ ಮರ್ಯಾದಿ ಅಂತಾಳ, ಮುಂಜಾನಿ ಹೊತ್ತಿಗೆ ಹೇಳಿಕಿ ಬದಲಾಗಿರ್ತದ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಹಿಂಗ ಸಿಕ್ಕ ಮಗೂನ 24 ತಾಸಿನ್ಯಾಗ ಮಕ್ಕಳ ಕಲ್ಯಾಣ ಸಮಿತಿ ಮುಂದ ಹಾಜರು ಮಾಡಬೇಕು, ಮನಿ ಸುರಕ್ಷಿತ ಅನಿಸಿದ್ರ ಸಮಿತಿಯವರೇ ಮಗೂನ ವಾಪಸ್ ಮನಿಗೆ ಕಳಿಸ್ತಾರ, ಕಾಯ್ದೆಗೂ ಮನೀನ ಮೊದಲು. ಯಾರೂ ಖುಷಿಗೆ ಮಕ್ಕಳನ್ನ ಕಸಗೊಂಡು ಹೋಗಂಗಿಲ್ಲ.

ಹಂಗಂತ ನಮ್ಮ ಬಾಲಮಂದಿರ ಎಲ್ಲಾ ಸ್ವರ್ಗ ಅಂತ ನಾ ಹೇಳಂಗಿಲ್ಲ. ಊಟ, ಹಾಸಿಗಿ ಸಿಗ್ತದ, ಆದ್ರ ಕೌನ್ಸೆಲರ್ ಪದೇ ಪದೇ ಬದಲಾದ್ರ ಮಗು ಹೇಳಿದ್ದನ್ನ ಎಷ್ಟ ಸಲ ಹೇಳಬೇಕು? ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಸರ್ಕಾರಿ ದವಾಖಾನಿ ಐತಿ, ಅಲ್ಲಿಗೆ ಕರಕೊಂಡು ಹೋಗ್ರಿ ಅಂದ್ರ "ಹುಚ್ಚರ ದವಾಖಾನಿ" ಅಂತ ಹಿಂಜರೀತಾರ. 18 ತುಂಬಿದ ಮ್ಯಾಲೂ 21ರ ತನಕ ನೆರವು ಕೊಡ್ಲಿಕ್ಕೆ ಕಾಯ್ದ್ಯಾಗ ಅವಕಾಶ ಐತಿ, ಭಾಳ ಹುಡುಗ್ರಿಗೆ ಅದ ಗೊತ್ತಿರಂಗಿಲ್ಲ.

ಇಷ್ಟ ಹೇಳೋದ್ರಾಗ ಕೇಳಿದವರ "ನಮ್ಮ ಓಣ್ಯಾಗೂ ಒಂದ ಹುಡುಗಿ ಐತ್ರಿ" ಅಂತ ಶುರು ಮಾಡ್ತಾರ. ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ರಿ, ರೊಕ್ಕ ಹತ್ತಂಗಿಲ್ಲ, ರಾತ್ರಿನೂ ನಡೀತದ. ಲೈಂಗಿಕ ದೌರ್ಜನ್ಯ ಅಂತ ಗೊತ್ತಿದ್ದೂ ತಿಳಿಸದ ಸುಮ್ಮನಿದ್ರ, ಮಕ್ಕಳನ್ನ ಇಂಥ ದೌರ್ಜನ್ಯದಿಂದ ಕಾಯೋ ಪೋಕ್ಸೋ ಕಾಯ್ದ್ಯಾಗ ಅದೂ ಅಪರಾಧ, ಆರು ತಿಂಗಳ ತನಕ ಜೈಲಾಗಬಹುದು.