ಯಾವ ಅಡೆನಿಲಿಕ್ ಆಮ್ಲ?

ರೆಕಾರ್ಡ್ ಪುಸ್ತಕದಲ್ಲಿ ಬರೀ ‘ಅಡೆನಿಲಿಕ್ ಆಮ್ಲ’ ಎಂದು ಬರೆದಿದ್ದರೆ ನಮ್ಮ ಬಯೋಕೆಮಿಸ್ಟ್ರಿ ಮೇಡಂ ಸಹಿ ಹಾಕುತ್ತಿರಲಿಲ್ಲ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಯಾವ ಅಡೆನಿಲಿಕ್ ಆಮ್ಲ?’ ಎಂದು ಬರೆದು ವಾಪಸ್ ಕೊಡುತ್ತಿದ್ದರು. ಆ ಪ್ರಶ್ನೆಗೆ ಎಷ್ಟು ತೂಕವಿದೆ ಎಂಬುದು ಈಗ ಅದೇ ಲ್ಯಾಬಿನಲ್ಲಿ ನಿಂತಿರುವ ಮಕ್ಕಳಿಗೂ ತಿಳಿಯಬೇಕು. ಅದಕ್ಕೇ ಅವರು ಕಲಿಸಿದ ರೀತಿಯಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಅಡೆನಿನ್ ಎಂಬುದು ಡಿಎನ್‌ಎ, ಆರ್‌ಎನ್‌ಎಗಳಲ್ಲಿರುವ ಒಂದು ಬೇಸ್. ಅದಕ್ಕೆ ರೈಬೋಸ್ ಸಕ್ಕರೆ ಸೇರಿದರೆ ಅಡೆನೋಸಿನ್, ಇದು ನ್ಯೂಕ್ಲಿಯೊಸೈಡ್. ಆ ಸಕ್ಕರೆಗೆ ಫಾಸ್ಫೇಟ್ ಕೂಡಿದಾಗಲೇ ನ್ಯೂಕ್ಲಿಯೊಟೈಡ್, ಅಂದರೆ ಅಡೆನಿಲಿಕ್ ಆಮ್ಲ ಅಥವಾ ಎಎಂಪಿ (ಅಡೆನೋಸಿನ್ ಮಾನೋಫಾಸ್ಫೇಟ್). ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ಅಡೆನೋಸಿನ್‌ನಲ್ಲಿ ಫಾಸ್ಫೇಟ್ ಕೂರಲು ಸಕ್ಕರೆಯ ಮೂರು ಕಾರ್ಬನ್ ಜಾಗಗಳಿವೆ: 2-ಪ್ರೈಮ್, 3-ಪ್ರೈಮ್, 5-ಪ್ರೈಮ್. 1927ರಲ್ಲಿ ಜರ್ಮನಿಯ ಗುಸ್ಟಾವ್ ಎಂಬ್ಡೆನ್ ಸ್ನಾಯುವಿನಿಂದ ತೆಗೆದದ್ದು 5-ಪ್ರೈಮ್. ಯೀಸ್ಟ್ ಆರ್‌ಎನ್‌ಎಯನ್ನು ಕ್ಷಾರದಲ್ಲಿ ಒಡೆದಾಗ ಸಿಗುವುದು 2 ಮತ್ತು 3ರ ಮಿಶ್ರಣ. ಹಳೆಯ ಪುಸ್ತಕಗಳಲ್ಲಿ ‘ಸ್ನಾಯು ಅಡೆನಿಲಿಕ್ ಆಮ್ಲ’, ‘ಯೀಸ್ಟ್ ಅಡೆನಿಲಿಕ್ ಆಮ್ಲ’ ಎಂದು ಬೇರೆಬೇರೆಯಾಗಿ ಕಾಣುವುದು ಇದಕ್ಕೇ. ಕಿಣ್ವಗಳಿಗಂತೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಸ್ನಾಯುವಿನ ಡಿಅಮಿನೇಸ್ 5-ಪ್ರೈಮ್ ಎಎಂಪಿಯ ಅಮೈನೋ ಗುಂಪನ್ನು ಕಿತ್ತು ಅದನ್ನು ಐಎಂಪಿ (ಇನೋಸಿನ್ ಮಾನೋಫಾಸ್ಫೇಟ್) ಮಾಡುತ್ತದೆ, ಯೀಸ್ಟಿನದನ್ನು ಮುಟ್ಟುವುದಿಲ್ಲ.

ಇದನ್ನು ಕೈಯಾರೆ ತಿಳಿಯಲು ಆರ್‌ಎನ್‌ಎ ಒಡೆಯುವ ಪ್ರಯೋಗಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. 100 ಮಿಲಿಗ್ರಾಂ ಯೀಸ್ಟ್ ಆರ್‌ಎನ್‌ಎ, 10 ಮಿಲಿಲೀಟರ್ 0.3 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್, 37 ಡಿಗ್ರಿಯಲ್ಲಿ 18 ಗಂಟೆ. ಕ್ಷಾರವು 2-ಪ್ರೈಮ್ ಹೈಡ್ರಾಕ್ಸಿಲ್‌ನ ಪ್ರೋಟಾನ್ ಕಸಿಯುತ್ತದೆ. ಆಗ ಆ ಆಕ್ಸಿಜನ್ ಪಕ್ಕದ ಫಾಸ್ಫೇಟಿನ ಮೇಲೆ ಬೀಳುತ್ತದೆ, ಸರಪಳಿ ತುಂಡಾಗುತ್ತದೆ, 2 ಮತ್ತು 3ರ ನಡುವೆ ಫಾಸ್ಫೇಟಿನ ಉಂಗುರ ಉಳಿಯುತ್ತದೆ. ಆ ಉಂಗುರ ಎರಡು ಕಡೆಯಿಂದಲೂ ತೆರೆದುಕೊಳ್ಳಬಲ್ಲದು, ಮಿಶ್ರಣವಾಗುವುದು ಹಾಗೆ. ಡಿಎನ್‌ಎಗೆ 2-ಪ್ರೈಮ್ ಹೈಡ್ರಾಕ್ಸಿಲ್ಲೇ ಇಲ್ಲ. ಆದ್ದರಿಂದ ಅದೇ ಕ್ಷಾರದಲ್ಲಿ ಅದರ ಎಳೆಗಳು ಬೇರ್ಪಡುತ್ತವೆಯೇ ಹೊರತು ನ್ಯೂಕ್ಲಿಯೊಟೈಡ್‌ಗಳಾಗಿ ಒಡೆಯುವುದಿಲ್ಲ. 5-ಪ್ರೈಮ್ ರೂಪವೇ ಬೇಕೆಂದರೆ ಹಾವಿನ ವಿಷದ ಫಾಸ್ಫೋಡೈಎಸ್ಟರೇಸ್ ಬಳಸಬೇಕು.

ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಂತೂ ಇದು ಬೇಗ ಆಗುತ್ತದೆ. ಆಗ ಕೊನೆಯಲ್ಲಿ ಎಲೆಕ್ಟ್ರೋಫೊರೆಸಿಸ್ ಕಾಗದದ ಮೇಲೆ ಶುಭ್ರವಾದ ಕಲೆಗಳ ಬದಲು ಉದ್ದನೆಯ ಬಳಿದ ಗುರುತು ಕಾಣುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಬದಲು ಪೊಟ್ಯಾಸಿಯಂದನ್ನೇ ತೆಗೆದುಕೊಳ್ಳುವುದಕ್ಕೂ ಕಾರಣವಿದೆ. ಕೊನೆಗೆ ಐಸ್ ಮೇಲಿಟ್ಟು ಪರ್ಕ್ಲೋರಿಕ್ ಆಮ್ಲದಿಂದ ತಟಸ್ಥ ಮಾಡಿದಾಗ ಪೊಟ್ಯಾಸಿಯಂ ಪರ್ಕ್ಲೋರೇಟ್ ಬಿಳಿಯಾಗಿ ತಳಕ್ಕಿಳಿಯುತ್ತದೆ, ಸೆಂಟ್ರಿಫ್ಯೂಜ್ ಮಾಡಿ ತೆಗೆದುಬಿಡಬಹುದು. ಸೋಡಿಯಂ ಲವಣ ನೀರಿನಲ್ಲೇ ಉಳಿದು ಮುಂದಿನ ಹಂತವನ್ನೆಲ್ಲ ಕೆಡಿಸುತ್ತದೆ. ಆಮ್ಲವನ್ನು ಹನಿಹನಿಯಾಗಿಯೇ ಹಾಕಬೇಕು. ಹೆಚ್ಚಾಗಿ, ಮೇಲಿಂದ ಬಿಸಿಯೂ ತಾಗಿದರೆ ಅಡೆನಿನ್ ಮತ್ತು ಗ್ವಾನಿನ್ ಸಕ್ಕರೆಯಿಂದ ಕಳಚಿಕೊಳ್ಳುತ್ತವೆ.

ಆಮೇಲೆ ಪಿಹೆಚ್ 3.5ರ ಸಿಟ್ರೇಟ್ ಬಫರಿನಲ್ಲಿ ಕಾಗದದ ಎಲೆಕ್ಟ್ರೋಫೊರೆಸಿಸ್, ಅಂದರೆ ವಿದ್ಯುತ್ ಹರಿಸಿ ಅಣುಗಳನ್ನು ಕಾಗದದ ಮೇಲೆ ಬೇರ್ಪಡಿಸುವುದು. ಆನೋಡ್ ಕಡೆಗೆ ಯುಎಂಪಿ (ಯುರಾಸಿಲ್ ಬೇಸಿನದು) ಎಲ್ಲಕ್ಕಿಂತ ಮುಂದೆ, ಅದರ ಬೆನ್ನಿಗೇ ಜಿಎಂಪಿ (ಗ್ವಾನಿನ್ ಬೇಸಿನದು), ಆಮೇಲೆ ಎಎಂಪಿ, ಕೊನೆಯಲ್ಲಿ ಸಿಎಂಪಿ (ಸೈಟೊಸಿನ್ ಬೇಸಿನದು). ಆ ಪಿಹೆಚ್‌ನಲ್ಲಿ ಅಡೆನಿನ್ ಮತ್ತು ಸೈಟೊಸಿನ್ ಪ್ರೋಟಾನ್ ಹಿಡಿದುಕೊಂಡು ಪಾಸಿಟಿವ್ ಆಗುವುದರಿಂದ ಫಾಸ್ಫೇಟಿನ ನೆಗೆಟಿವ್ ಚಾರ್ಜು ತಗ್ಗಿ ಓಟ ನಿಧಾನವಾಗುತ್ತದೆ. ಬಫರ್ ಸರಿಯಾಗಿ ಮಾಡದೆ ಪಿಹೆಚ್ ಏರಿದರೆ ಇವೆರಡೂ ಮುಂದಕ್ಕೆ ಬಂದು ಕಲೆಗಳು ಒಂದರ ಮೇಲೊಂದು ಬೀಳುತ್ತವೆ. 254 ನ್ಯಾನೋಮೀಟರ್ ದೀಪದಡಿ ನೋಡಿದರೆ ನಾಲ್ಕು ಕಪ್ಪು ಕಲೆಗಳು. ಕಣ್ಣಿಗೆ ಕನ್ನಡಕ ಕಡ್ಡಾಯ. ಎಎಂಪಿಯ ಒಂದೇ ಕಲೆಯೊಳಗೆ 2 ಮತ್ತು 3 ಎರಡೂ ಅಡಗಿರುತ್ತವೆ. ಅವನ್ನು ಬಿಡಿಸಲು ಅಯಾನು ವಿನಿಮಯದ ಕಾಲಂ ಬೇಕು. ಕೆಂಪು ಶಾಯಿಯ ಪ್ರಶ್ನೆ ನನಗೆ ಪೂರ್ತಿ ಅರ್ಥವಾದದ್ದು ಇಲ್ಲಿ.

ಇನ್ನು ತೂಕದ ವಿಷಯ. ಪಿಹೆಚ್ 7ರಲ್ಲಿ ಫಾಸ್ಫೇಟ್ ತನ್ನ ಪ್ರೋಟಾನ್‌ಗಳನ್ನು ಬಹುಮಟ್ಟಿಗೆ ಬಿಟ್ಟಿರುತ್ತದೆ. ಜೀವಕೋಶದೊಳಗಿನ ರೂಪವನ್ನು ಅಡೆನಿಲೇಟ್ ಎನ್ನುವುದು ಅದಕ್ಕೇ. ಬಾಟಲಿಯಲ್ಲಿ ಬರುವುದು ಆಮ್ಲವಾದರೆ ಅಣುತೂಕ 347.2, ಡೈಸೋಡಿಯಂ ಲವಣವಾದರೆ 391.2, ಹರಳಿನ ನೀರಿದ್ದರೆ ಅದೂ ಸೇರಬೇಕು. 10 ಮಿಲಿಮೋಲಾರ್ ದ್ರಾವಣ 10 ಮಿಲಿಲೀಟರ್ ಬೇಕೆಂದರೆ ಆಮ್ಲ 34.7 ಮಿಲಿಗ್ರಾಂ, ಲವಣ 39.1. ಲೇಬಲ್ ನೋಡದೆ ತೂಗಿದರೆ ನೂರಕ್ಕೆ ಹನ್ನೊಂದರಷ್ಟು ತಪ್ಪು ಅಲ್ಲೇ ಬಂದಾಯಿತು. ಆಮ್ಲರೂಪ ತಣ್ಣೀರಿನಲ್ಲಿ ಸುಲಭಕ್ಕೆ ಕರಗದು, ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಪಿಹೆಚ್ 7ಕ್ಕೆ ತಂದರೆ ಕರಗುತ್ತದೆ. ತೂಕವನ್ನೇ ನಂಬಿ ಕೂರದೆ 200 ಪಟ್ಟು ತೆಳುಮಾಡಿ 259 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಓದಿ: 0.77 ಬರಬೇಕು. ಕ್ವಾರ್ಟ್ಜ್ ಕ್ಯೂವೆಟ್ಟೇ ಆಗಬೇಕು. ಗಾಜು ಆ ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಲವಣ ಯಾವುದೆಂಬುದು ಬರೀ ತೂಕದ ಲೆಕ್ಕವಲ್ಲ. 1976ರಲ್ಲಿ ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ ಅವರು ಕೇಂಬ್ರಿಜ್‌ನ ಓಲ್ಗಾ ಕೆನ್ನಾರ್ಡ್ ಮುಂತಾದವರೊಡನೆ ಎಡಿಪಿಯ (ಎರಡು ಫಾಸ್ಫೇಟಿರುವ ಅಡೆನೋಸಿನ್) ಹರಳಿನ ರಚನೆ ಪ್ರಕಟಿಸಿದ್ದು ಅದರ ರುಬಿಡಿಯಂ ಲವಣದಿಂದ.

ಪರೀಕ್ಷೆಯಲ್ಲಿ ಇವತ್ತಿಗೂ ಎಡವುವ ಎರಡು ಜಾಗಗಳನ್ನು ಹೇಳಲೇಬೇಕು. ‘ಅಡೆನಿಲೇಟ್ ಸೈಕ್ಲೇಸ್’ ಎಂಬ ಕಿಣ್ವ ಎಎಂಪಿಯನ್ನು ಉಂಗುರ ಮಾಡುವುದಿಲ್ಲ. ಅದು ತೆಗೆದುಕೊಳ್ಳುವುದು ಎಟಿಪಿ (ಮೂರು ಫಾಸ್ಫೇಟಿರುವ ಅಡೆನೋಸಿನ್), ಕೊಡುವುದು ಸೈಕ್ಲಿಕ್ ಎಎಂಪಿ ಮತ್ತು ಪೈರೋಫಾಸ್ಫೇಟ್. ಇದನ್ನು ಅಡೆನಿಲಿಲ್ ಸೈಕ್ಲೇಸ್ ಎಂದೂ ಬರೆಯುತ್ತಾರೆ. ಇನ್ನೊಂದು, ಡಿಆಕ್ಸಿ ರೂಪಗಳ ಹೆಸರು. ಡಿಎನ್‌ಎಯಲ್ಲಿರುವುದು ಡಿಆಕ್ಸಿಅಡೆನಿಲೇಟ್, ಅಲ್ಲಿ ‘ಡಿಆಕ್ಸಿ’ ಬಿಟ್ಟರೆ ಅಂಕ ಹೋಗುತ್ತದೆ. ಥೈಮಿಡಿಲೇಟ್‌ಗೆ ಮಾತ್ರ ರೂಢಿಯಲ್ಲಿ ಅದನ್ನು ಸೇರಿಸುವುದಿಲ್ಲ, ಏಕೆಂದರೆ ಥೈಮಿನ್ ಇರುವುದು ಮುಖ್ಯವಾಗಿ ಡಿಎನ್‌ಎಯಲ್ಲೇ. ಟಿಆರ್‌ಎನ್‌ಎಯಲ್ಲಿ ರೈಬೋಸ್ ಜೊತೆ ಸಿಗುವ ಥೈಮಿನ್ ಬಗ್ಗೆ ಬರೆಯುವಾಗ ‘ರೈಬೋಥೈಮಿಡಿಲೇಟ್’ ಎಂದು ಪೂರ್ತಿ ಬರೆಯಿರಿ.