ಅವಳೂ ನಕ್ಕಳು

14 ಮಾರ್ಚ್ 2024, ಗುರುವಾರ, ರಾತ್ರಿ 11

ಬೆಳಗ್ಗೆ ರೌಂಡ್ಸ್‌ನಲ್ಲಿ ಆದದ್ದು ಇನ್ನೂ ತಲೆಯಿಂದ ಹೋಗಿಲ್ಲ. ಹೊಸ ಸಿಸ್ಟರ್ ಕೇಸ್ ಶೀಟ್ ಓದುತ್ತಿದ್ದಳು. ಒಂದು ಔಷಧಿಯ ಹೆಸರು ಬಂದಾಗ ನಾಲಿಗೆ ತೊಡರಿತು. "ನೀನು ಹೇಳಿ ಮುಗಿಸೋಷ್ಟರಲ್ಲಿ ಪೇಷಂಟ್ ಗುಣ ಆಗಿ ಮನೆಗೆ ಹೋಗಿರ್ತಾರಮ್ಮ" ಅಂದರು ದೊಡ್ಡ ಡಾಕ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳೂ ನಕ್ಕಳು.

ಬಾಯಿ ಮಾತ್ರ ನಕ್ಕಿತು. ಕಣ್ಣು ಶೀಟ್ ಬಿಟ್ಟು ಮೇಲೇಳಲಿಲ್ಲ. ಬೆರಳು ಅದರ ಮೂಲೆಯನ್ನು ಮಡಚಿ ಮಡಚಿ ಮುದ್ದೆ ಮಾಡಿತ್ತು. ಫ್ರಾನ್ಸಿನ ಡಾಕ್ಟರ್ ಡುಶೆನ್ 1862ರಲ್ಲೇ ಇದನ್ನು ಬರೆದಿದ್ದರು. ತುಟಿಯನ್ನು ನಾವು ಬೇಕೆಂದಾಗ ಎಳೆಯಬಹುದು, ಕಣ್ಣಿನ ಸುತ್ತಲಿನ ಸ್ನಾಯು ಮನಸ್ಸಿಗೆ ಖುಷಿಯಾದಾಗಲೇ ಕುಗ್ಗುವುದು ಅಂತ.

ನನ್ನ ನಗುವಿಗೆ ಏನು ಹೇಳಲಿ? ರಾಬರ್ಟ್ ಪ್ರೊವೈನ್ ಅನ್ನುವ ಅಮೆರಿಕದ ವಿಜ್ಞಾನಿ ಜನ ಮಾತಿನ ಮಧ್ಯೆ ನಕ್ಕ 1,200 ಸಂದರ್ಭಗಳನ್ನು ಬರೆದಿಟ್ಟುಕೊಂಡು ನೋಡಿದರು. ನಗುವಿಗೆ ಮುಂಚಿನ ಮಾತಿನಲ್ಲಿ ತಮಾಷೆ ಇದ್ದದ್ದು ಶೇ. 10ರಿಂದ 20ರಷ್ಟು ಸಲ ಮಾತ್ರ. ಮಿಕ್ಕವೆಲ್ಲ ಸಾದಾ ಮಾತು. ಜೊತೆಗಿರುವವರನ್ನು ನೋಡಿ ನಗು ಬರುತ್ತದೆ. ಬೆಳಗ್ಗೆ ನಾನು ನೋಡಿದ್ದು ಡಾಕ್ಟರ ಮುಖ. ಅವಳ ಪಕ್ಕದಲ್ಲೇ ನಿಂತಿದ್ದೆ, ಅವಳ ಕಡೆ ತಿರುಗಿದ್ದು ನಕ್ಕಾದ ಮೇಲೆ.

ಮಧ್ಯಾಹ್ನ ಮಾತ್ರ ಚೆನ್ನಾಗಿತ್ತು! ನಾಲ್ಕನೇ ಬೆಡ್ಡಿನ ಅಜ್ಜನ ಡ್ರೆಸ್ಸಿಂಗ್. ಸುಟ್ಟ ಗಾಯ, ಬಟ್ಟೆ ಅಂಟಿಕೊಂಡಿತ್ತು. ಸೀನಿಯರ್ ಸಿಸ್ಟರ್ ಸಲೈನ್ ಹಾಕಿ ನೆನೆಸುತ್ತಾ, "ಅಜ್ಜಾ, ಈ ಕಾಲು ನನ್ನ ಮಾತು ಕೇಳಲ್ಲ, ಸುಮ್ನಿರು ಅಂತ ನೀವೇ ಹೇಳಿ" ಅಂದರು. ಅಜ್ಜ ನಿಜವಾಗಿಯೂ ಕಾಲಿಗೆ ಗದರಿದರು, "ಏಯ್, ಸುಮ್ನಿರೋ!" ಪಕ್ಕದ ಬೆಡ್ಡಿನವರಿಗೂ ನಗು. ಅಜ್ಜನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಅಷ್ಟರಲ್ಲಿ ಪಟ್ಟಿ ಅರ್ಧ ಬಿಚ್ಚಿಯಾಗಿತ್ತು.

ರಾಬಿನ್ ಡನ್‌ಬಾರ್ ಅನ್ನುವ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರ ತಂಡ 2011ರಲ್ಲಿ ಇದನ್ನೇ ಪರೀಕ್ಷಿಸಿತ್ತು. ನಮ್ಮ ಬಿಪಿ ನೋಡುವ ಪಟ್ಟಿಯನ್ನೇ ತೋಳಿಗೆ ಕಟ್ಟಿ, ಗಾಳಿ ತುಂಬಿ, ಎಷ್ಟು ತಡೆಯುತ್ತಾರೆ ಅಂತ ನೋಡಿದರು. ಜೊತೆಗೆ ಕೂತು ನಕ್ಕವರು ಆಮೇಲೆ ಜಾಸ್ತಿ ನೋವು ತಡೆದುಕೊಂಡರು. ನಗುವಾಗ ಮೈಯಲ್ಲಿ ನೋವು ತಗ್ಗಿಸುವ ಎಂಡಾರ್ಫಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ ಅನ್ನುವುದು ಅವರ ವಿವರಣೆ. ಸೀನಿಯರ್ ಸಿಸ್ಟರಿಗೆ ಇದನ್ನು ಹೇಳಿದೆ. "ಹೌದಾ" ಅಂದು ಕೈ ತೊಳೆಯಲು ಹೋದರು.

ಡ್ಯೂಟಿ ಮುಗಿಸಿ ಹೊರಡುವಾಗ ಹೊಸಬಳು ಬಾಗಿಲ ಹತ್ತಿರ ನಿಂತಿದ್ದಳು.

"ಅಕ್ಕ, ನಾಳೆ ರೌಂಡ್ಸ್‌ನಲ್ಲಿ ನೀವೇ ಓದ್ತೀರಾ?"

"ಯಾಕೆ?"

"ಸುಮ್ನೆ."

ಭಯವಾಗುವುದು ಇಲ್ಲೇ. ಇವತ್ತು ಹೆಸರು ತೊಡರಿತು, ಸರಿ. ನಾಳೆ ಡೋಸ್ ಬಗ್ಗೆ ಅನುಮಾನ ಬಂದರೆ ಅವಳು ಬಾಯಿ ಬಿಟ್ಟು ಕೇಳುತ್ತಾಳಾ? ಮತ್ತೆ ನಗುತ್ತಾರೆ ಅಂತ ನುಂಗಿಕೊಂಡರೆ?

ಓದುತ್ತೇನೆ ಅಂತ ಒಪ್ಪಿಕೊಂಡು ಬಂದೆ. ಒಪ್ಪಬಾರದಿತ್ತು. ಅವಳೇ ಓದಬೇಕು. ಬೆಳಗ್ಗೆ ಬೇಗ ಹೋಗಿ, ಆ ಹೆಸರನ್ನು ಇಬ್ಬರೂ ನಾಲ್ಕು ಸಲ ಹೇಳಿಕೊಂಡು, ಆಮೇಲೆ ಡಾಕ್ಟರು ಏನಾದರೂ ಅಂದು ಎಲ್ಲರೂ ನಗಲು ಶುರು ಮಾಡಿದರೆ ನಾನು ಅವಳ ಕಡೆ ತಿರುಗಬೇಕು.