ಅಡುಗೆಮನೆಗಿಂತ ಮೊದಲು ಗಾಡಿಯ ಅಡಿ

ನಮ್ಮ ಕಡೆ ಕ್ಯಾಂಪರ್ ಎಂದರೆ ಎಲ್ಲರಿಗೂ ನೆನಪಾಗುವುದು ಮುಂದೆ ಜನರನ್ನೂ ಹಿಂದೆ ಅಡಿಕೆ ಮೂಟೆಗಳನ್ನೂ ತುಂಬಿಕೊಂಡು ಓಡುವ ಬೊಲೆರೊ ಕ್ಯಾಂಪರ್. ಆದ್ದರಿಂದ, ಒಳಗೆ ಮಲಗಿ, ಅನ್ನ ಬೇಯಿಸಿಕೊಂಡು ಊರೂರು ತಿರುಗಬಹುದಾದ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುತ್ತೇನೆಂದು ನಾನು ಹೇಳಿದಾಗ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅದು ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ.

ಮೊದಲು ನೋಡಿದ ಗಾಡಿ ಕರಾವಳಿಯದು. ಡಬಲ್ ಕ್ಯಾಬ್ ಪಿಕಪ್ಪಿನ ಹಿಂಬದಿಗೆ ಕಟ್ಟಿಸಿದ ಪುಟ್ಟ ಕೋಣೆಯಲ್ಲಿ ಮಡಚುವ ಹಾಸಿಗೆ, ಸಿಂಕು, ಒಲೆ, ಚಾವಣಿಯಲ್ಲಿ ಸೋಲಾರ್ ಫಲಕ ಎಲ್ಲವೂ ಇದ್ದವು. ನಾನು ಸಿಂಕಿನ ನಲ್ಲಿ ತಿರುಗಿಸಿ ನೋಡುತ್ತ ಮೈಮರೆತಿದ್ದಾಗ, ಜೊತೆಗೆ ಕರೆದೊಯ್ದಿದ್ದ ಹಳೆಯ ಜೀಪ್ ಮೇಸ್ತ್ರಿ ಕೆಳಗಿನಿಂದ, “ಅಡುಗೆಮನೆ ಆಮೇಲೆ ನೋಡುವಿರಂತೆ ಗೌಡ್ರೇ, ಮೊದಲು ಅಡಿಗೆ ಬನ್ನಿ” ಎಂದು ಕರೆದರು. ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಾದ ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಕೆಲವು ಕಡೆ ಠಣ್ಣೆನ್ನಬೇಕಾದ ಕಬ್ಬಿಣ ದಬ್ಬೆಂದಿತು. ಉಪ್ಪು ಗಾಳಿ ಒಳಗಿನಿಂದಲೇ ತಿಂದುಬಿಟ್ಟಿತ್ತು. ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್‌ನ ಬಿರಡೆ ಬಿಚ್ಚಿದರೆ ಆಯಿಲ್ ಮಜ್ಜಿಗೆಯಂತೆ ಬಿಳಿಚಿಕೊಂಡಿತ್ತು. ಒಳಗೆ ನೀರು ಹೋಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಾಗದದಲ್ಲಿಯೂ ತೊಡಕಿತ್ತು. ಆರ್‌ಸಿಯಲ್ಲಿ ಅದು ಇನ್ನೂ ಸರಕು ಸಾಗಣೆಯ ವಾಹನವೇ ಆಗಿದ್ದು, ಕೋಣೆ ಕಟ್ಟಿಸಿದ್ದಕ್ಕೆ ಆರ್‌ಟಿಒ ಅನುಮತಿ ಪಡೆದಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಖಚಿತವಾಗಿ ಹೇಳಿದೆ.

ಎರಡನೆಯದು ಬೆಂಗಳೂರಿನ ಗಾಡಿ. ಬಾಡಿಯ ಬಗೆ ಕ್ಯಾಂಪರ್ ವ್ಯಾನ್ ಎಂದೇ ಆರ್‌ಸಿಯಲ್ಲಿ ದಾಖಲಾಗಿತ್ತು, ಅಡಿಯೂ ಗಟ್ಟಿಯಾಗಿತ್ತು. ಮಾರುವವರು ಫೋರ್ ವೀಲ್ ಹಾಕಿ ಒಣ ಟಾರು ರಸ್ತೆಯಲ್ಲಿಯೇ ಓಡಿಸಿ ತೋರಿಸಲು ಹೊರಟರು, ಮೇಸ್ತ್ರಿ ತಡೆದರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಇಂಥ ಗಾಡಿಗಳಲ್ಲಿ ಆ ವ್ಯತ್ಯಾಸವನ್ನು ಕೆಸರು ನುಂಗಿಕೊಳ್ಳುತ್ತದೆಯೇ ಹೊರತು ಟಾರು ನುಂಗುವುದಿಲ್ಲ, ಆಗ ಪೆಟ್ಟು ಬೀಳುವುದು ಗೇರುಗಳಿಗೆ. ಹಾಗಾಗಿ ಹತ್ತಿರದ ಕೆರೆಯ ಏರಿಯ ಒದ್ದೆ ಮಣ್ಣಿನಲ್ಲಿ ಪರೀಕ್ಷಿಸಿದೆವು. ಮುಂದಿನ ಎಡ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ಹಬ್ ಲಾಕ್ ಆಗುತ್ತಿರಲಿಲ್ಲ. ಅದನ್ನು ಹೇಳಿ ಬೆಲೆ ಇಳಿಸಿಕೊಂಡೆ. ನನ್ನ ಮಟ್ಟಿಗೆ, ಗಾಡಿಯನ್ನು ನಿಧಾನವಾಗಿ ಆದರೆ ಹೆಚ್ಚು ಬಲದಿಂದ ಓಡಿಸುವ ಲೋ ಗೇರ್ ಇನ್ನೂ ಮುಖ್ಯ. ಕೊಡಚಾದ್ರಿಯ ಜೀಪಿನವರು ಆ ಕಲ್ಲುದಾರಿಯಲ್ಲಿ ಬ್ರೇಕನ್ನೇ ನಂಬದೆ ಎಂಜಿನ್ನಿನ ಹಿಡಿತದಲ್ಲಿ ಗಾಡಿಯನ್ನು ಇಳಿಸುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಇದರಲ್ಲಿ ಲೋ ಗೇರ್ ಸದ್ದಿಲ್ಲದೆ ಬಿತ್ತು, ಜಾರಿ ಹೊರಬರಲಿಲ್ಲ.

ನಾನು ಎಡವಿದ್ದು ತೂಕದಲ್ಲಿ. ಗಾಡಿಯನ್ನು ಮನೆಗೆ ತಂದ ಮೇಲೆ, ನೀರಿನ ಟ್ಯಾಂಕು ತುಂಬಿಸಿ ಒಂದು ಅಕ್ಕಿ ಗಿರಣಿಯ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಗೆ ಉಳಿದಿದ್ದದ್ದು 210 ಕೆಜಿ ಮಾತ್ರ. ಮನೆಯ ನಾಲ್ಕು ಜನ ಹತ್ತಿದರೆ ಮಿತಿ ಮೀರುತ್ತದೆ. ಇದನ್ನು ಕೊಳ್ಳುವ ಮೊದಲೇ ತೂಗಿಸಬೇಕಿತ್ತು. ಆಗುಂಬೆ ಘಾಟಿಯ 14 ತಿರುವುಗಳನ್ನು ತಲೆಭಾರದ ಗಾಡಿಯಲ್ಲಿ ಇಳಿಯುವ ಧೈರ್ಯ ನನಗಿಲ್ಲ. ದಪ್ಪ ಪ್ಲೈವುಡ್ಡಿನ ಮೇಲಿನ ಕಪಾಟುಗಳನ್ನು ಕಳಚಿದೆ, ಟ್ಯಾಂಕಿಗೆ 80 ಲೀಟರ್ ಬದಲು 30 ಲೀಟರ್ ಸಾಕೆಂದುಕೊಂಡೆ. ಹಳ್ಳಕ್ಕೊಂದು ಹೆಸರಿರುವ ಊರಿನಿಂದ 80 ಕೆಜಿ ನೀರು ಹೊತ್ತುಕೊಂಡು ಹೊರಡುವುದು ಹೇಗೂ ನಗೆಗೀಡಿನ ಕೆಲಸವೇ.

ಮಾರಿದವರ ಸಾಲ ಬ್ಯಾಂಕಿನಲ್ಲಿ ತೀರಿದ್ದರೂ ಆರ್‌ಸಿಯಲ್ಲಿ ಅದರ ನಮೂದು ಹಾಗೆಯೇ ಉಳಿದಿತ್ತು. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ರ ಜೊತೆಗೆ ಬ್ಯಾಂಕಿನ ಎನ್‌ಒಸಿ, ಸಾಲದ ನಮೂದು ತೆಗೆಸುವ ಫಾರಂ 35 ಎಲ್ಲವನ್ನೂ ಆರ್‌ಟಿಒಗೆ ಕೊಟ್ಟು ಬಂದಿದ್ದೇನೆ. ಹಬ್ಬಿನ ಬಿಡಿಭಾಗ ಇನ್ನೂ ಬರಬೇಕು. ಅಲ್ಲಿಯವರೆಗೆ ಗಾಡಿ ಕೊಟ್ಟಿಗೆಯ ಪಕ್ಕದಲ್ಲಿಯೇ ನಿಂತಿದ್ದು, ಅದರೊಳಗೆ ಪ್ರತಿ ರಾತ್ರಿ ಮಲಗುತ್ತಿರುವವನು ನನ್ನ ಮಗನೊಬ್ಬನೇ.